ಪುರವಂತರ ಮನೆಯ ಕತ್ತಿ

ಆ ಕತ್ತಿಯನ್ನು ಯಾರೂ ಕದ್ದಿರಲಿಲ್ಲ. ಅದು ಆ ಮನೆ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಊರು ಕಳ್ಳನನ್ನು ಹುಡುಕಿತು, ಸಿಗದಿದ್ದಾಗ ಒಬ್ಬನನ್ನು ತಾನೇ ಮಾಡಿಕೊಂಡಿತು. ಕಳ್ಳ ಅಂದಮೇಲೆ ಕದ್ದ ಮಾಲು ಕೊಳ್ಳುವವರೊಬ್ಬರು ಬೇಕಲ್ಲ, ಅದಕ್ಕೆ ನನ್ನನ್ನು ಮಾಡಿಕೊಂಡಿತು. ನಡೆದದ್ದು ಇಷ್ಟೇ. ಉಳಿದದ್ದು ನಾನು ಬಸ್ಸು ಹತ್ತಿ ಇಳಿದ ಕಥೆ.

ನಾನು ಹಳೆ ಕತ್ತಿ, ಚಾಕು, ಕೊಡಲಿ ಕೊಳ್ಳುವವಳು. ನಾರಾಯಣಪೇಟೆಯಿಂದ ಹೊರಟು ಮಕ್ತಲ್ ಸುತ್ತಿನ ಹಳ್ಳಿಗಳಲ್ಲಿ ಅಟ್ಟದ ಮೇಲೆ, ಕೊಟ್ಟಿಗೆಯ ಸಂದಿಯಲ್ಲಿ ಬಿದ್ದಿರುವುದನ್ನು ಎತ್ತಿ ನೋಡುತ್ತೇನೆ. ಬೇಕಾದ್ದನ್ನು ಗದ್ವಾಲದ ವ್ಯಾಪಾರಿಗೆ ಒಯ್ಯುತ್ತೇನೆ, ಬೇಡವಾದದ್ದನ್ನು ಅಲ್ಲೇ ಇಟ್ಟು ಬರುತ್ತೇನೆ.

ಆ ಬೇಸಿಗೆಯಲ್ಲಿ ಮಕ್ತಲ್ ಹತ್ತಿರದ ಒಂದು ಊರಿನ ಪುರವಂತ ಫೋನು ಮಾಡಿ ಕರೆದ. ಪುರವಂತರೆಂದರೆ ವೀರಭದ್ರನ ಸೇವೆಯಲ್ಲಿ ಕತ್ತಿ ಹಿಡಿದು ಅವನ ಪ್ರತಾಪದ ಒಡಪುಗಳನ್ನು ಕೂಗಿ ಹೇಳಿ ಕುಣಿಯುವ ಮನೆತನ. ಆ ಊರಿನಲ್ಲಿ ಆ ಸೇವೆ ಅವರೊಬ್ಬರದೇ. ಗುಡಿಯ ಗೋಡೆಗೆ ಮನೆತನದ ಚರಿತ್ರೆ ಬರೆಸುತ್ತಿದ್ದರಂತೆ. ಕತ್ತಿ ಎಷ್ಟು ಹಳೆಯದು ಅಂತ ಒಂದು ಮಾತು ಬೇಕಾಗಿತ್ತು.

"ಐನೂರು ವರ್ಷ ಅಂತ ಬರೆಸ್ಲಿ ಏನು ಆಯಿ?" ಅಂತ ಕೇಳಿದ.

"ನೋಡದೆ ನಾ ಐದು ವರ್ಷ ಅಂತನೂ ಅನ್ನಂಗಿಲ್ಲ. ಬರ್ತೀನಿ, ಇರು."

ಕತ್ತಿ ಜಗಲಿಯ ಗೂಡಿನಲ್ಲಿತ್ತು. ವರ್ಷ ವರ್ಷವೂ ಹಚ್ಚಿದ ಎಣ್ಣೆ, ಅರಿಶಿನ, ಕುಂಕುಮ, ವಿಭೂತಿ ಒಂದರ ಮೇಲೊಂದು ಕೂತು ಹಿಡಿಯ ಬುಡದಲ್ಲಿ ಬೆಲ್ಲದಂತೆ ಗಟ್ಟಿಯಾಗಿತ್ತು. ಇಂಥದ್ದನ್ನು ಮರಳುಕಾಗದದಿಂದ ಉಜ್ಜಬಾರದು. ಉಜ್ಜಿದರೆ ಮೈಮೇಲಿನ ಗುರುತೂ ಹೋಗುತ್ತದೆ. ಬಿಸಿನೀರಿನಲ್ಲಿ ಸೀಗೆಕಾಯಿ ಪುಡಿ ಕಲಸಿ ಅರಿವೆಯಲ್ಲಿ ಅದ್ದಿ ಸುತ್ತಿಟ್ಟೆ. ಮೆತ್ತಗಾದ ಮೇಲೆ ಬಿದಿರಿನ ಸೀಳಿನಿಂದ ಎಬ್ಬಿಸಿದೆ. ಪುರವಂತ ಕೈಮುಗಿದು ನಿಂತಿದ್ದ. ಅವನ ಹೆಂಡತಿ ತಂಬಿಗೆಯಿಂದ ನೀರು ಹಾಕುತ್ತಿದ್ದಳು.

ಹಿಡಿ ಬಹಳ ಚೆನ್ನಾಗಿತ್ತು. ಕಬ್ಬಿಣದ ಹಿಡಿ, ಮೇಲೆ ತಟ್ಟೆಯಂಥ ಗುಂಡು ಬಿಲ್ಲೆ, ಕೆಳಗೆ ಅಲಗಿನ ಎರಡೂ ಮಗ್ಗುಲಿಗೆ ಚಾಚಿದ ನಾಲಿಗೆ. ನಾಲಿಗೆಯ ತುದಿ ಅರಳಿ ಎಲೆಯ ತುದಿಯಂತೆ ಚೂಪಾಗಿ ಎಡಕ್ಕೆ ಸ್ವಲ್ಪ ವಾಲಿತ್ತು. ಇದು ನಿಜವಾದ ಹಳೆಯದು, ಸಂಶಯವಿರಲಿಲ್ಲ. ಅಲಗಿಗೆ ಬಂದೆ. ಹಿಂಬದಿಯ ದಪ್ಪವನ್ನು ಬೆರಳಲ್ಲಿ ಹಿಡಿದುಕೊಂಡು ಬುಡದಿಂದ ತುದಿಯ ತನಕ ಜಾರಿಸಿದೆ. ಹಳೆ ಅಲಗಾದರೆ ಬುಡದಲ್ಲಿ ದಪ್ಪವಿದ್ದು ತುದಿಗೆ ಹೋಗುತ್ತ ತೆಳ್ಳಗಾಗುತ್ತದೆ. ಇದು ಎಲ್ಲ ಕಡೆ ಒಂದೇ ದಪ್ಪ. ಉಗುರಿನಿಂದ ಹೊಡೆದೆ. ಸದ್ದು ಬಂದು ತಟ್ಟನೆ ನಿಂತಿತು.

"ನಿಂಬಿಹಣ್ಣು ಐತೇನವ್ವಾ?" ಅಂದೆ.

ಒಂದು ಬೆರಳಗಲದ ಜಾಗಕ್ಕೆ ನಿಂಬೆರಸ ಹಚ್ಚಿ ಕೂತೆ. ನಮ್ಮ ಕಡೆಯ ಹಳೆ ಉಕ್ಕಾಗಿದ್ದರೆ ಹುಳಿ ತಾಗಿದ ಕೂಡಲೇ ಗೆರೆ ಏಳುತ್ತವೆ. ಹೊಳೆಯ ದಂಡೆಯಲ್ಲಿ ನೀರು ಇಳಿದ ಮೇಲೆ ಉಸುಕಿನಲ್ಲಿ ಉಳಿಯುತ್ತವಲ್ಲ, ಹಾಗೆ. ನಾವು ನೀರಿನ ಗೆರೆ ಅನ್ನುತ್ತೇವೆ, ಗದ್ವಾಲದವರು ಜೌಹರ್ ಅನ್ನುತ್ತಾರೆ. ಇಲ್ಲಿ ಯಾವ ಗೆರೆಯೂ ಏಳಲಿಲ್ಲ. ಒಂದೇ ಸಮನೆ ಬೂದು ಬಣ್ಣ. ಹಿಡಿಯ ಸಮೀಪ ಹಚ್ಚಿದಾಗ ಮಾತ್ರ ಒಂದು ದುಂಡನೆಯ ಕಲೆ ಎದ್ದಿತು, ಹಳೆ ಪೈಸೆಯಷ್ಟು ದೊಡ್ಡದು. ತೂತು ಮುಚ್ಚಿ ಬಡಿದ ಕಲೆ. ಲಾರಿಯ ಕೆಳಗಿನ ಕಮಾನು ಪಟ್ಟಿಗೆ ನಡುವೆ ಬೋಲ್ಟು ಹೋಗಲು ತೂತು ಇರುತ್ತದೆ. ಗುಜರಿಯಲ್ಲಿ ನಾನು ಅಂಥವನ್ನು ದಿನಾ ನೋಡುತ್ತೇನೆ.

"ಹಿಡಿ ಹಳೇದು. ಅಲಗು ಲಾರಿ ಪಟ್ಟಿ," ಅಂದೆ.

ಹೆಂಡತಿಯ ಕೈಯ ತಂಬಿಗೆ ಓರೆಯಾಗಿ ನೀರೆಲ್ಲ ನನ್ನ ಸೀರೆಯ ಮೇಲೆ ಹೋಯಿತು. ಪುರವಂತ ಬಹಳ ಮೆಲ್ಲಗೆ ಹೇಳಿದ: "ಈ ಕತ್ತಿ ಮನಿ ಬಿಟ್ಟು ಹೋಗೂದು ಒಂದ ಕಡಿಗಿ ಆಯಿ. ವರ್ಷಕ್ಕೊಮ್ಮಿ, ಸಾಣಿಗಿ, ಕಮ್ಮಾರನ ಕುಲುಮಿಗಿ."

"ನಾ ಕಬ್ಬಿಣದ ಸುದ್ದಿ ಹೇಳೀನಿ. ಕಮ್ಮಾರನ ಸುದ್ದಿ ಹೇಳಿಲ್ಲ," ಅಂದೆ.

ಅವನು ಆಗಲೇ ಚಪ್ಪಲಿ ಮೆಟ್ಟಿ ಹೊರಗೆ ಹೋಗಿದ್ದ.

ಕಮ್ಮಾರ ನನಗೆ ಗೊತ್ತಿದ್ದವನೇ. ಹಿಡಿ ಮುರಿದ ಚಾಕು, ಬಾಯಿ ತೆರೆದ ಕೊಡಲಿಗಳನ್ನು ನಾನು ಅವನ ಹತ್ತಿರ ಒಯ್ಯುತ್ತಿದ್ದೆ. ಅದೇ ಊರಿನ ಕಣ್ಣಿಗೆ ಸಾಕಾಯಿತು. ಅವನು ಅಲಗು ಬದಲಿಸಿದ, ಅವಳು ಗದ್ವಾಲಕ್ಕೆ ಮಾರಿದಳು, ಈಗ ನಾಟಕ ಮಾಡಲು ಬಂದಿದ್ದಾಳೆ ಅಂತ ಮಾತು ಎದ್ದಿತು. ನಾಟಕ ಮಾಡುವವಳು ತಾನೇ ಬಂದು ಲಾರಿ ಪಟ್ಟಿ ಅಂತ ಯಾಕೆ ಹೇಳುತ್ತಾಳೆ ಅಂತ ಒಬ್ಬನಾದರೂ ಕೇಳಬೇಕಿತ್ತು. ಕೇಳಲಿಲ್ಲ.

ಊರ ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂತು ಕಮ್ಮಾರನಿಗೆ ಗಡುವು ಕೊಟ್ಟರು. ಕಾರ ಹುಣ್ಣಿಮೆಯೊಳಗೆ ಕತ್ತಿ ತರಬೇಕು. ಇಲ್ಲದಿದ್ದರೆ ಕುಲುಮೆ ಖಾಲಿ ಮಾಡಬೇಕು. ಕುಲುಮೆ ಇದ್ದದ್ದು ಊರ ಜಾಗ. ಅವನ ಮುತ್ತಾತನ ಕಾಲದಿಂದ ಅಲ್ಲೇ ಬೆಂಕಿ ಉರಿಯುತ್ತಿತ್ತು, ಆದರೆ ಕೈಯಲ್ಲಿ ಕಾಗದವಿಲ್ಲ.

ಬಿತ್ತನೆಗೆ ಮೊದಲಿನ ದಿನಗಳು ಅವು. ಕುಂಟೆ, ಕೂರಿಗೆ, ನೇಗಿಲ ಕುಡ ಹಿಡಿದು ಜನ ಕುಲುಮೆಯ ಮುಂದೆ ಸರತಿ ನಿಲ್ಲುವ ಹೊತ್ತು. ನಾನು ಹೋದಾಗ ಅಲ್ಲಿ ಒಂದು ನಾಯಿ ಬೂದಿಯಲ್ಲಿ ಮಲಗಿತ್ತು. ಊರಿನವರು ತಮ್ಮ ಸಾಮಾನನ್ನು ಮೋಟಾರು ಸೈಕಲ್ಲಿನ ಮೇಲೆ ಪಕ್ಕದ ಊರಿಗೆ ಒಯ್ಯುತ್ತಿದ್ದರು. ಕಮ್ಮಾರ ಗೋಡೆಗೊರಗಿ ಬೀಡಿ ಸೇದುತ್ತ ಕೂತಿದ್ದ.

ಸುತ್ತು ಬಳಸಿ ಮಾತಾಡಲು ನನಗೆ ಬರುವುದಿಲ್ಲ. "ನೀ ಬದಲಿ ಮಾಡೀದೇನು?" ಅಂದೆ.

ಅವನು ನನ್ನನ್ನೇ ನೋಡಿದ. "ನೀನು ಕೊಂಡಿಯೇನು ಅಕ್ಕಾ?"

"ಇಲ್ಲ."

"ಹಂಗಾದ್ರ ನಾನೂ ಇಲ್ಲ."

"ನಾ ಕೇಳಿದ್ದು ಬ್ಯಾರೆ, ನೀ ಕೇಳಿದ್ದು ಬ್ಯಾರೆ. ಸೀದಾ ಹೇಳು."

"ಏಂ ಚೆಪ್ಪಾಲಿ ಅಕ್ಕಾ? ಏನಂತ ಹೇಳ್ಲಿ? ನಮ್ಮಪ್ಪ ಹೇಳಿಕೊಟ್ಟಂಗ ಮಾಡಿಕೋತ ಬಂದೀನಿ. ಕಲ್ಲಿನ ಮ್ಯಾಲ ನಾಕು ಸಲ ಎಳಿ, ಎಣ್ಣಿ ಹಚ್ಚು, ಕೊಡು. ಬೆಂಕ್ಯಾಗ ಇಡಬ್ಯಾಡ, ಕುಂಕುಮ ಕೆರೀಬ್ಯಾಡ ಅಂದಿದ್ದ. ನಾ ಕೆರದಿಲ್ಲ. ಕೆಳಗ ಲಾರಿ ಐತೋ ಬಸ್ಸು ಐತೋ ನನಗೇನು ಗೊತ್ತು?"

ಅವನು ಹೇಳಿದ್ದನ್ನು ನಾನು ನಂಬಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಅರ್ಧ ನಂಬಿದೆ. ಕೈಕಷ್ಟದಲ್ಲಿರುವ ಮನುಷ್ಯ ಏನು ಮಾಡುತ್ತಾನೆ ಅಂತ ನನ್ನ ಕಸುಬಿನಲ್ಲಿ ಸಾಕಷ್ಟು ನೋಡಿದ್ದೇನೆ. ಆದರೆ ಅವನು ಕದ್ದಿದ್ದರೆ ಆ ಅಲಗು ಎಲ್ಲಾದರೂ ಇರಲೇಬೇಕು. ಹಳೆ ಕತ್ತಿ ನಮ್ಮ ಕಡೆ ಮಾರಾಟವಾದರೆ ಇರುವುದೇ ಎರಡು ದಾರಿ. ಗೊತ್ತಿಲ್ಲದವನು ಶಾಂತಿನಗರದ ಗುಜರಿಗೆ ತೂಕಕ್ಕೆ ಹಾಕುತ್ತಾನೆ. ಗೊತ್ತಿದ್ದವನು ಗದ್ವಾಲಕ್ಕೆ ಒಯ್ಯುತ್ತಾನೆ.

ನನಗೂ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮಕ್ತಲ್ ಸುತ್ತಿನಲ್ಲಿ ನನಗೆ ಬಾಗಿಲು ತೆಗೆಯುವುದನ್ನು ಬಿಟ್ಟಿದ್ದರು. ಒಂದು ಮನೆಯಲ್ಲಿ ಹಳೆ ಕೊಡಲಿ ತೋರಿಸುತ್ತೇನೆಂದು ಮೊದಲೇ ಹೇಳಿದ್ದ ಹೆಂಗಸು ನನ್ನನ್ನು ಕಂಡು ಕೊಡಲಿಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಮುಚ್ಚುವ ಮೊದಲೇ ನಾನು ನೋಡಿಬಿಟ್ಟಿದ್ದೆ. ಮೆತ್ತನೆ ಕಬ್ಬಿಣದ ಎರಡು ಕೆನ್ನೆಯ ನಡುವೆ ಗಟ್ಟಿ ಉಕ್ಕಿನ ಬಾಯಿ ಸೇರಿಸಿ ಬೆಸೆದ ಗೆರೆ ಕಾಣುತ್ತಿತ್ತು. ಈಗ ಅಂಥ ಕೊಡಲಿ ಯಾರೂ ಮಾಡುವುದಿಲ್ಲ.

"ನಮ್ಮನ್ಯಾಗ ಏನೂ ಇಲ್ಲ, ಮುಂದ ಹೋಗಬೇ," ಅಂದಳು.

"ಸೆರಗಿನ್ಯಾಗ ಇರೋದು ಏನು, ನಿನ್ನ ಕೂಸೇನು?" ಅಂದೆ. ಬಾಗಿಲು ಹಾಕಿಕೊಂಡಳು.

ಶಾಂತಿನಗರದಲ್ಲಿ ಗುಜರಿ ಗುಜರಿ ತಿರುಗಿದೆ. ಮುರುಕು ನೇಗಿಲು, ಪಂಪಿನ ಕೊಳವೆ, ಟ್ರ್ಯಾಕ್ಟರಿನ ಹಲ್ಲು. ಕತ್ತಿಯಂಥದ್ದು ಕಂಡರೆ ಅದು ನಾಟಕ ಕಂಪನಿಯ ತಗಡು. ಅಲ್ಲಿಂದ ಗದ್ವಾಲಕ್ಕೆ ಹೋದೆ. ವ್ಯಾಪಾರಿಯ ಅಂಗಡಿ ಇರುವುದು ಕೋಟೆಯ ಕಡೆಯ ಒಂದು ಓಣಿಯಲ್ಲಿ. ಮುಂದೆ ಹಿತ್ತಾಳೆ ಪಾತ್ರೆ ಇಟ್ಟಿರುತ್ತಾನೆ, ಒಳಗಿನ ಕೋಣೆಯಲ್ಲಿ ಆಯುಧ.

"ಖಾಲಾ, ನಿನ್ನ ಸುದ್ದಿ ನಿನಗಿಂತ ಮೊದಲೇ ಬಂದೈತಿ," ಅಂತ ನಕ್ಕ. "ಪುರವಂತರ ತಲ್ವಾರ್ ಹೊಡದಿ ಅಂತಲ್ಲ? ನನಗ ಯಾಕ ತೋರಿಸ್ಲಿಲ್ಲ?"

"ಹಲ್ಲು ಮುರಿತೀನಿ ನೋಡು. ನಿನಗ ಯಾರಾರ ತಂದಾರೇನು ಹೇಳು."

ಯಾರೂ ತಂದಿರಲಿಲ್ಲ. ಸುಳ್ಳು ಹೇಳುವಾಗ ಅವನು ಗಡ್ಡ ಕೆರೆದುಕೊಳ್ಳುತ್ತಾನೆ, ಆ ದಿನ ಕೆರೆದುಕೊಳ್ಳಲಿಲ್ಲ. ಒಳಗಿನಿಂದ ಒಂದು ಬಿಡಿ ಅಲಗು ತಂದು ನನ್ನ ಮುಂದೆ ಹಾಸಿದ. ಹಿಡಿಯಿಲ್ಲದ ಅಲಗು. ಹದವಾಗಿ ಬಾಗಿತ್ತು, ಮೈತುಂಬ ನೀರಿನ ಗೆರೆ.

"ಇದಕ್ಕ ಹಿಡಿ ಇಲ್ಲ. ಅವರ ಹಿಡಿಗೆ ಅಲಗು ಇಲ್ಲ. ಒಯ್ದು ಕೂಡಿಸು. ಸಿಕ್ತು ಅಂತ ಕೊಡು. ಕಮ್ಮಾರನೂ ಬದುಕಿದ, ನೀನೂ ಬದುಕಿದಿ. ನನಗ ಮುಂದ ಯಾವಾಗರ ಒಂದು ಒಳ್ಳೆ ಮಾಲು ತಂದು ಕೊಡು, ಹಿಸಾಬ್ ಬರಾಬರ್."

ನಾನು ಅದನ್ನು ಬಹಳ ಹೊತ್ತು ನೋಡಿದೆ. ಹಿಂಬದಿಯ ದಪ್ಪ ಸರಿ, ಸದ್ದು ಸರಿ. ಆ ಊರಿನಲ್ಲಿ ಯಾರಿಗೂ ಗುರುತು ಹತ್ತುವುದಿಲ್ಲ. ಚಾದರದಲ್ಲಿ ಸುತ್ತಿಸಿಕೊಂಡು ಬಸ್ಸು ಹತ್ತಿದೆ.

"ಏನಮ್ಮಾ ಅದು, ಅಷ್ಟುದ್ದ?" ಅಂದ ಕಂಡಕ್ಟರು.

"ಕೊಡೆ."

"ಬಿಸಿಲಾಗ ಇಷ್ಟುದ್ದದ ಕೊಡಿ?"

"ನನ್ನ ಸೊಸಿನೂ ನನ್ನ ಜೊತಿ ಬರಬೇಕಿತ್ತು, ಆಕಿಗೂ ನೆರಳು ಬೇಕು. ಟಿಕೀಟು ಕೊಡಪಾ."

ಹಿಂದಿನ ಸೀಟಿನವರು ನಕ್ಕರು. ನನಗೆ ನಗು ಬರಲಿಲ್ಲ. ತೊಡೆಯ ಮೇಲೆ ಅಲಗು ಭಾರವಾಗಿತ್ತು. ಇದನ್ನು ಕೊಟ್ಟರೆ ಪುರವಂತ ಏನು ಕೇಳುತ್ತಾನೆ? ಎಲ್ಲಿ ಸಿಕ್ಕಿತು ಅಂತ ಕೇಳುತ್ತಾನೆ. ಗದ್ವಾಲದಲ್ಲಿ ಅನ್ನಬೇಕು. ಗದ್ವಾಲಕ್ಕೆ ಯಾರು ಒಯ್ದರು ಅಂತ ಕೇಳುತ್ತಾನೆ. ಅದಕ್ಕೆ ಉತ್ತರ ಊರಿನವರ ಹತ್ತಿರ ತಯಾರಿದೆ. ಕತ್ತಿ ಹೋಗೇ ಇಲ್ಲ ಅನ್ನುವ ಮಾತಿಗೆ ಇನ್ನೂ ಸ್ವಲ್ಪ ಜಾಗವಿತ್ತು. ಕತ್ತಿ ಮರಳಿ ಬಂತು ಅಂದರೆ ಹೋಗಿತ್ತು ಅಂತಲೇ ಆಯಿತು. ಕುಲುಮೆ ಉಳಿಯುತ್ತದೆ, ಕಮ್ಮಾರ ಅಲ್ಲೇ ಕೂತು ಸಾಯುವ ತನಕ ಕ್ಷಮಿಸಿಬಿಟ್ಟ ಕಳ್ಳನಾಗಿ ಕುಡ ಬಡಿಯುತ್ತಾನೆ. ನಾನೂ ಮಾಲು ಹಿಂತಿರುಗಿಸಿದವಳಾಗುತ್ತೇನೆ.

ಜೂರಾಲದ ಕಟ್ಟೆಯ ಹತ್ತಿರ ಬಸ್ಸು ನಿಂತಾಗ ಇಳಿದುಬಿಟ್ಟೆ. "ನಿನ್ನೂರು ಇದಲ್ಲಲ್ಲಮ್ಮಾ" ಅಂತ ಕಂಡಕ್ಟರು ಕೂಗಿದ. ಮೀನು ಕರಿಯುವ ಅಂಗಡಿಗಳ ಸಾಲಿನಲ್ಲಿ ಒಂದು ಬೆಂಚಿನ ಮೇಲೆ ಕೂತೆ. ಎಣ್ಣೆಯ ಹೊಗೆ ಕಣ್ಣಿಗೆ ಹತ್ತುತ್ತಿತ್ತು. ಒಂದು ತಟ್ಟೆ ಮೀನು ತಿಂದು, ಕೈ ತೊಳೆದು, ರಸ್ತೆ ದಾಟಿ, ಎದುರಿನಿಂದ ಬಂದ ಗದ್ವಾಲದ ಬಸ್ಸು ಹತ್ತಿದೆ.

ವ್ಯಾಪಾರಿ ಅಂಗಡಿ ಮುಚ್ಚುತ್ತಿದ್ದ. "ಏನಾತು ಖಾಲಾ?"

"ಇದು ಅವರದಲ್ಲ," ಅಂದೆ.

"ಅದು ನನಗೂ ಗೊತ್ತೈತಿ."

"ಗೊತ್ತಿದ್ರ ಇಟ್ಕೋ."

ಮತ್ತೆ ಪುರವಂತರ ಮನೆಗೆ ಹೋಗದೆ ಬೇರೆ ದಾರಿ ಇರಲಿಲ್ಲ. ಹಿಡಿ ಬಿಚ್ಚಿ ನೋಡಬೇಕು. ಅಲಗಿನ ಬಾಲ ಹಿಡಿಯೊಳಗೆ ಇಳಿದಿರುತ್ತದೆ, ಸುತ್ತ ಅರಗು ತುಂಬಿರುತ್ತಾರೆ. ಅಲಗು ಯಾವಾಗ ಬದಲಾಯಿತು ಅನ್ನುವುದನ್ನು ಆ ಅರಗು ಹೇಳುತ್ತದೆ. ಮೊದಲ ದಿನವೇ ನಾನು ಇದನ್ನು ಮಾಡಬೇಕಿತ್ತು, ಆದರೆ ಪುರವಂತ ನಿಲ್ಲಲಿಲ್ಲ.

ಪುರವಂತ ಬಾಗಿಲಲ್ಲೇ ತಡೆದ. "ಕತ್ತಿ ಬಿಚ್ಚೂದು ಅಂದ್ರ ಏನು ಆಯಿ? ದೇವರ ಕತ್ತಿ ಅದು."

"ದೇವರ ಕತ್ತಿ ಹೋಗೇತಿ ಅಂತ ಊರೆಲ್ಲ ನೀನ ಹೇಳೀದಿ. ಇದು ಲಾರಿದು. ಲಾರೀದು ಬಿಚ್ಚಾಕ ಯಾವ ಮಡಿ?"

ಒಳಗಿನಿಂದ ಅವನ ಹೆಂಡತಿ ಹೇಳಿದಳು: "ಬಿಚ್ಚಲಿ ಬಿಡ್ರಿ. ಬಿಚ್ಚಿದ್ರ ಏನು ಇನ್ನೊಂದು ಲಾರಿ ಬರ್ತೈತೇನು ಅದರಾಗಿಂದ?"

ಹಿತ್ತಲಲ್ಲಿ ಕೆಂಡ ಮಾಡಿದೆವು. ಅಲಗಿಗೆ ಒದ್ದೆ ಅರಿವೆ ಸುತ್ತಿ, ಹಿಡಿಯನ್ನು ಮಾತ್ರ ಕೆಂಡದ ಮೇಲೆ ತಿರುಗಿಸುತ್ತ ಹಿಡಿದೆ. ಅವಸರ ಮಾಡಿದರೆ ಅರಗು ಹೊತ್ತಿ ಉರಿಯುತ್ತದೆ. ಹೊಸ ಅರಗಾದರೆ ಬೇಗ ಬೆಣ್ಣೆಯಾಗುತ್ತದೆ. ಇದು ಆಗಲಿಲ್ಲ. ಬಿಸಿ ಏರಿದ ಮೇಲೂ ಪುಡಿ ಪುಡಿಯಾಗಿ ಉದುರಿತು. ಬಣ್ಣ ಕಪ್ಪು, ಒಳಗೆ ಇಟ್ಟಂಗಿ ಪುಡಿ, ವಾಸನೆ ಎಲ್ಲ ಸತ್ತುಹೋಗಿತ್ತು. ಅಲಗು ಸಡಿಲವಾಗಿ ಕೈಗೆ ಬಂತು. ಬಾಲದ ಮೇಲಿನ ತುಕ್ಕು ಅರಗಿನ ಜೊತೆಗೇ ಬೆಳೆದಿತ್ತು.

"ಇದು ನಿನ್ನ ಕಮ್ಮಾರನ ಕೈಯಿಂದಲ್ಲ. ಅವನ ಅಪ್ಪಂದೂ ಇರಲಿಕ್ಕಿಲ್ಲ. ಇನ್ನೂ ಹಿಂದಿಂದು," ಅಂದೆ.

ಪುರವಂತ ಆ ಪುಡಿಯನ್ನು ಕೈಯಲ್ಲಿ ತಿಕ್ಕಿ ನೋಡಿದ. "ಹಳೆ ಅರಗು ಎಲ್ಲಿಂದರ ತಂದು ತುಂಬಿರಬಹುದು," ಅಂದ.

"ಪುಡಿಯಾದ ಅರಗನ್ನ ಯಾರಪ್ಪ ತುಂಬತಾರ? ಅದು ಹಿಡೀತೈತೇನು?"

"ನನಗ ಗೊತ್ತಿಲ್ಲ. ಕತ್ತಿ ಎಲ್ಲಿ ಹೇಳು. ಇದಲ್ಲ ಅಂದಿ, ಸರಿ. ಅದೆಲ್ಲಿ?"

ಕೈಯ ಬೂದಿ ಒರೆಸಿಕೊಂಡು ಎದ್ದೆ. ಹೆಂಡತಿ ಕೈಹಿಡಿದು ಕೂರಿಸಿದಳು. ಉಣ್ಣದೆ ಹೋಗಬೇಡ, ರೊಟ್ಟಿ ಆಗಿದೆ, ಮಾವಿನಕಾಯಿ ಚಟ್ನಿ ಮಾಡಿಬಿಡುತ್ತೇನೆ ಅಂದಳು. ನನಗೂ ಹಸಿವಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ಕೂತೆ.

ಅವಳು ಈಳಿಗೆ ಮಣೆಯ ಮೇಲೆ ಕಾಲೂರಿ ಕೂತು ಹಸಿ ಮಾವಿನಕಾಯಿ ಹೆಚ್ಚುತ್ತಿದ್ದಳು. ನಾನು ಅಲಗುಗಳನ್ನು ನೋಡುವ ಹೆಂಗಸು, ಸುಮ್ಮನೆ ಕೂತಾಗಲೂ ಕಣ್ಣು ಅಲ್ಲಿಗೇ ಹೋಗುತ್ತದೆ. ಹುಳಿರಸ ಅಲಗಿನ ಮೇಲಿಂದ ಇಳಿಯುತ್ತಿತ್ತು. ಅವಳು ಸೆರಗಿನಿಂದ ಒರೆಸಿದಳು. ಒರೆಸಿದ ಜಾಗದಲ್ಲಿ ಗೆರೆ ಇದ್ದವು. ಸಣ್ಣ ಸಣ್ಣ ಗೆರೆ, ಮೇಲಿಂದ ಕೆಳಗಿನವರೆಗೆ, ಹೊಳೆ ದಂಡೆಯ ಉಸುಕಿನಂತೆ.

"ಕೈ ತೆಗಿಯವ್ವಾ," ಅಂದೆ.

"ಯಾಕ್ರೀ?"

"ಕೈ ತೆಗಿ ಅಂದ್ನಿ."

ಹಿಂಬದಿಯ ದಪ್ಪವನ್ನು ಬೆರಳಲ್ಲಿ ಹಿಡಿದು ಜಾರಿಸಿದೆ. ಬುಡದಲ್ಲಿ ದಪ್ಪ, ಮೇಲಕ್ಕೆ ತೆಳ್ಳಗೆ. ಉಗುರಿನಿಂದ ಹೊಡೆದೆ. ಮಣೆ ಹಿಡಿದಿದ್ದರೂ ಸದ್ದು ಎಳೆದುಕೊಂಡು ಹೋಯಿತು.

"ಇದು ಎಲ್ಲೀದು?"

"ನಮ್ಮತ್ತೀದು. ಅವರತ್ತಿ ಕೊಟ್ಟದ್ದಂತ. ಇದನ್ನ ಸಾಣಿಗಿ ಕೊಡೂದ ಬ್ಯಾಡ್ರಿ, ಕಟ್ಟೀ ಮ್ಯಾಲ ತಿಕ್ಕಿದ್ರ ಸಾಕು. ಯಾಕ್ರೀ, ಇದನ್ನೂ ಕೊಳ್ತೀರೇನು? ನಾ ಕೊಡಂಗಿಲ್ಲ ನೋಡ್ರಿ."

"ಗಂಡನ್ನ ಕರಿ. ಹಿಡಿ ತರಾಕ ಹೇಳು."

ಮಣೆಯ ಕೆಳಗಿನ ಬೆಣೆಯನ್ನು ಒರಳುಕಲ್ಲಿನ ಗುಂಡಿನಿಂದ ಬಡಿದು ಬಿಡಿಸಿದೆ. ಅಲಗು ಮಣೆಯಿಂದ ಎದ್ದು ಬಂತು. ಮರದೊಳಗೆ ಹುಗಿದಿದ್ದ ಜಾಗ ಯಾರ ಕೈಯೂ ತಾಗದೆ ಇದ್ದ ಹಾಗೇ ಇತ್ತು. ಕತ್ತಿಯ ನಾಲಿಗೆ ಅಲಗಿನ ಮೇಲೆ ವರ್ಷಗಟ್ಟಲೆ ಕೂತಿದ್ದರೆ ಅದರ ಅಂಚಿನಲ್ಲಿ ಎಣ್ಣೆ, ಬೆವರು, ಕುಂಕುಮ ಸೇರಿ ಉಕ್ಕನ್ನು ಸ್ವಲ್ಪ ಸ್ವಲ್ಪವೇ ತಿಂದಿರುತ್ತವೆ. ನಾಲಿಗೆ ತೆಗೆದರೂ ಅದರ ಗೆರೆ ಅಲ್ಲೇ ಉಳಿಯುತ್ತದೆ. ಇಲ್ಲಿ ಆ ಗೆರೆ ಇತ್ತು. ಅರಳಿ ಎಲೆಯ ತುದಿಯಂತೆ ಚೂಪಾಗಿ, ಎಡಕ್ಕೆ ವಾಲಿ. ಕೆಳಗೆ ಬಾಲ.

ಪುರವಂತ ಹಿಡಿ ತಂದ. "ನಾ ಮಾಡಂಗಿಲ್ಲ. ನೀನ ಕೂಡಿಸು," ಅಂದೆ.

ಅವನು ಬಾಲವನ್ನು ಹಿಡಿಯೊಳಗೆ ಇಳಿಸಿದ. ಅರ್ಧದಲ್ಲಿ ತಡೆಯಿತು, ಒಳಗೆ ಉಳಿದಿದ್ದ ಅರಗನ್ನು ಕೆರೆದು ಮತ್ತೆ ಇಳಿಸಿದ. ಕೂತಿತು. ನಾಲಿಗೆ ಹೋಗಿ ತನ್ನ ಗೆರೆಯ ಮೇಲೆ ಕೂತಿತು, ಈ ಕಡೆಯೂ ಆ ಕಡೆಯೂ. ಅವನು ಅಡುಗೆಮನೆಯ ನಡುವೆ ಮಾವಿನಕಾಯಿ ಸಿಪ್ಪೆಯ ಮೇಲೆ ನಿಂತು, ಮೊಳದುದ್ದದ ಮೊಂಡು ಕತ್ತಿಯನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದ.

"ನಮ್ಮ ಮುತ್ಯಾ ಹೇಳ್ತಿದ್ದ," ಅಂದ ಕೊನೆಗೆ. "ನಲವತ್ತೆಂಟರಾಗ ಪೊಲೀಸ್ ಆಕ್ಷನ್ ಆದಾಗ ಸಿಪಾಯಿಗಳು ಮನಿ ಮನಿ ಜಡ್ತಿ ಮಾಡಿ ಹತ್ಯಾರ ಎತ್ತಿಕೊಂಡು ಹೋದ್ರಂತ. ಮಂದಿ ಬಾವ್ಯಾಗ ಒಗದ್ರಂತ. ನಾವು ಒಗೀಲಿಲ್ಲ ಅಂತಿದ್ದ. ಮುಂದ ಏನೂ ಹೇಳ್ತಿದ್ದಿಲ್ಲ."

ಮುಂದಿನದನ್ನು ಹೇಳುವುದು ಏನಿತ್ತು. ಇಡೀ ಕತ್ತಿಯನ್ನು ಮುಚ್ಚಿಡಲು ಆಗುವುದಿಲ್ಲ, ಹಿಡಿಯನ್ನು ಎಲ್ಲಿ ಬೇಕಾದರೂ ಮುಚ್ಚಿಡಬಹುದು. ಅಲಗನ್ನು ತುಂಡು ಮಾಡಿ ಮಣೆಗೆ ಹಾಕಿದರೆ ಯಾವ ಸಿಪಾಯಿಯೂ ಅಡುಗೆಮನೆಯ ಈಳಿಗೆಯನ್ನು ಎತ್ತಿಕೊಂಡು ಹೋಗುವುದಿಲ್ಲ. ಗದ್ದಲ ಮುಗಿದ ಮೇಲೆ ಸೇವೆಗೆ ಕತ್ತಿ ಬೇಕಾಯಿತು. ಹಿಡಿಗೆ ಲಾರಿ ಪಟ್ಟಿ ಬಡಿಸಿ ಹಾಕಿ, ಮೇಲೆ ಕುಂಕುಮ ಬಳಿದರು. ಆ ಊರಿನಲ್ಲಿ ಆಗಲೂ ಇದ್ದದ್ದು ಒಂದೇ ಕುಲುಮೆ. ಅಂದರೆ ತುಂಡು ಮಾಡಿದವನೂ, ಪಟ್ಟಿ ಬಡಿದವನೂ, ಕುಂಕುಮ ಕೆರೆಯಬೇಡ ಅಂತ ಮಗನಿಗೆ ಹೇಳಿ ಸತ್ತವನೂ ಕಮ್ಮಾರನ ಮನೆಯವರೇ. ಪುರವಂತರ ಗುಟ್ಟನ್ನು ಪುರವಂತರೇ ಮರೆತರು, ಕಮ್ಮಾರರು ಯಾಕೆಂದು ಕೇಳದೆ ಕಾಯ್ದರು. ಇದನ್ನೆಲ್ಲ ಪುರವಂತನಿಗೆ ಹೇಳಿದೆ. ಉಳಿದ ತುಂಡು ಏನಾಯಿತೋ ಗೊತ್ತಿಲ್ಲ. ಕುಡುಗೋಲಾಗಿ ಸವೆದಿರಬಹುದು.

ಈಳಿಗೆಗೆ ಏನು ಕೇಳುತ್ತೀರಿ ಅಂತ ಅಲ್ಲೇ ಅವನ ಹೆಂಡತಿಯನ್ನು ಕೇಳಿದೆ. ಕಸುಬು ಕಸುಬೇ. ಅವಳು ನಕ್ಕು ಅಲಗನ್ನು ಹಿಡಿಯಿಂದ ಕಿತ್ತುಕೊಂಡು ಮತ್ತೆ ಮಣೆಗೆ ಬಡಿದು ಕೂರಿಸಿದಳು. ಚಟ್ನಿ ಅರ್ಧಕ್ಕೆ ನಿಂತಿತ್ತು.

ಊಟವಾದ ಮೇಲೆ ಪುರವಂತ ನನ್ನನ್ನು ಪಡಸಾಲೆಗೆ ಕರೆದ. "ಆಯಿ, ಒಂದು ಮಾತು. ಕತ್ತಿ ಸಿಕ್ತು ಅಂತ ಹೇಳಿಬಿಡೂಣು. ಕಮ್ಮಾರನ ತಂಟಿ ಯಾರಿಗೂ ಬ್ಯಾಡ ಅಂತ ನಾ ಹಿರಿಯಾರಿಗೆ ಹೇಳ್ತೀನಿ. ಉಳದದ್ದು ನಮ್ಮ ನಾಕು ಗ್ವಾಡಿಯೊಳಗ ಇರಲಿ."

"ಎಲ್ಲಿ ಸಿಕ್ತು ಅಂತ ಹೇಳ್ತಿ?"

"ನಮ್ಮಪ್ಪ, ನಾನು, ಎರಡು ತಲಿಮಾರು ಲಾರಿ ಕಬ್ಬಿಣ ಹಿಡಕೊಂಡು ವೀರಭದ್ರನ ಮುಂದ ಕುಣದೀವಿ. ಇದನ್ನ ಹೆಂಗ ಹೇಳಲಿ ಮಂದಿ ಮುಂದ?"

"ಇಷ್ಟು ವರ್ಷ ಆ ದೇವರು ಏನಂದ?"

"ಏನೂ ಅನ್ನಲಿಲ್ಲ."

"ಅವನಿಗಿಲ್ಲದ ತಕರಾರು ನಿನಗ್ಯಾಕ? ಕಮ್ಮಾರನ ಕುಲುಮಿ ಆರೇತಿ. ಅವನು ಕಳ್ಳ ಅಂತ ನೀ ಊರ ಮುಂದ ಅಂದಿ. ಅಲ್ಲ ಅಂತ ನಾಕು ಗ್ವಾಡಿಯೊಳಗ ಅಂದ್ರ ಅವನ ಕಿವಿಗೆ ಹೋಗತೈತೇನು?"

ನೆಲದ ಕಡೆ ನೋಡುತ್ತ, "ನಾಳಿ ಹೋಗ್ತೀನಿ. ನಾನ ಕುಲುಮಿಗಿ ಹೋಗಿ ಹೇಳ್ತೀನಿ," ಅಂದ.

ಹೆಂಡತಿ ಒಳಗಿನಿಂದ, "ನಾಳಿ ಅಂತಾರ, ಎದ್ದು ರಾಯಚೂರಿಗಿ ಹೋಗ್ತಾರ ನೋಡ್ರಿ," ಅಂದಳು. ನನಗೂ ಹಾಗೇ ಅನಿಸಿತು. ಕಾರ ಹುಣ್ಣಿಮೆ ಬಂದೇ ಬಿಟ್ಟಿತ್ತು. ಕಮ್ಮಾರ ಆಗಲೇ ಕಬ್ಬಿಣ ಬಡಿಯುವ ಅಡಿಗಲ್ಲನ್ನು ನೆಲದಿಂದ ಕಿತ್ತು ಗೋಡೆಗೆ ಒರಗಿಸಿದ್ದನೆಂದು ಬರುವಾಗ ನೋಡಿದ್ದೆ. ಆ ರಾತ್ರಿ ಮಕ್ತಲ್‌ನಲ್ಲಿ ಗೊತ್ತಿದ್ದವರ ಮನೆಯಲ್ಲಿ ಮಲಗಿದೆ. ನಿದ್ದೆ ಬಂತು ಅಂತ ಹೇಳಲಾರೆ.

ಮರುದಿನ ಬೆಳಿಗ್ಗೆ ಮೊದಲ ಆಟೋ ಹಿಡಿದು ಪುರವಂತರ ಕಟ್ಟೆಯ ಮೇಲೆ ಹೋಗಿ ಕೂತೆ. ಅವನು ಬಾಗಿಲು ತೆಗೆದಾಗ ಕೈಯಲ್ಲಿ ಕೈಚೀಲವಿತ್ತು. ನನ್ನನ್ನು ನೋಡಿದ, ಚೀಲವನ್ನು ಒಳಗಿಟ್ಟ. ಒಳಗೆ ಹೋಗಿ ಲಾರಿ ಪಟ್ಟಿಯ ಅಲಗು, ಹಿಡಿ ಎರಡನ್ನೂ ಹೊಸ ಅರಿವೆಯಲ್ಲಿ ಇಟ್ಟುಕೊಂಡು ಬಂದ. ಓಣಿಯಲ್ಲಿ ಅವನು ಮುಂದೆ, ನಾನು ಹಿಂದೆ. ನಳದ ಹತ್ತಿರ ಕೊಡ ಹಿಡಿದು ನಿಂತಿದ್ದವರು ನೀರು ತುಂಬಿ ಚೆಲ್ಲಿದರೂ ನೋಡುತ್ತಲೇ ನಿಂತರು. ಕೆಲವರು ಹಿಂದೆಯೇ ಬಂದರು.

ಕಮ್ಮಾರ ಹೊರಗೆ ಬಂದ. ಕೈ ಚಾಚಲಿಲ್ಲ.

"ಏನು?" ಅಂದ.

ಪುರವಂತ ಬಾಯೊಳಗೇ ಏನೋ ಗೊಣಗಿದ. ಒಡಪು ಹೇಳುವ ಬಾಯಿ ಅದು, ಎರಡು ಊರಿಗೆ ಕೇಳುತ್ತದೆ. "ಜೋರಾಗಿ ಹೇಳು, ಒಡಪು ಹೇಳಿದಂಗ," ಅಂದೆ.

"ಈ ಅಲಗು ನೀ ಬದಲಿ ಮಾಡಿದ್ದಲ್ಲ," ಅಂದ. ಮತ್ತೆ ಹೇಳಿದ, ಈ ಸಲ ಹಿಂದೆ ನಿಂತವರಿಗೂ ಕೇಳುವಂತೆ. "ನಮ್ಮ ಮುತ್ಯಾ ಮಾಡಿಸಿದ್ದು, ನಿಮ್ಮ ಮುತ್ಯಾನ ಕಡಿಯಿಂದ. ನಮ್ಮ ಕತ್ತಿ ನಮ್ಮ ಅಡಗಿಮನ್ಯಾಗ ಐತಿ. ನಾ ಅಂದದ್ದು ತಪ್ಪಾತು. ಇದಕ್ಕ ಹಿಡಿ ಕೂಡಿಸಿ ಸಾಣಿ ಹಿಡದು ಕೊಡು. ಇದನ್ನ ಹಿಡಕೊಂಡ ಸೇವಾ ಮಾಡ್ತೀನಿ."

ಕಮ್ಮಾರ ಅರಿವೆಯನ್ನು ನೋಡಿದ, ಜನರನ್ನು ನೋಡಿದ, ಆಮೇಲೆ ಗೋಡೆಗೆ ಒರಗಿಸಿದ್ದ ಅಡಿಗಲ್ಲನ್ನು ನೋಡಿದ.

"ಬೆಂಕಿ ಇಲ್ಲ," ಅಂದ.

ನಾನು ಒಳಗೆ ಹೋಗಿ ನಾಯಿಯನ್ನು ಎಬ್ಬಿಸಿದೆ. ಬೂದಿ ಕೆದರಿ, ಇದ್ದಲಿ ಸುರಿದು, ಕಡ್ಡಿ ಗೀರಿ, ಗಾಳಿ ಚಕ್ರದ ಮುಂದೆ ಕೂತೆ. ತುಕ್ಕು ಹಿಡಿದು ಬಿಗಿದಿತ್ತು. ಎರಡೂ ಕೈಹಾಕಿ ತಿರುಗಿಸಿದೆ. ಹೊರಗೆ ಅವರಿಬ್ಬರೂ ಇನ್ನೂ ಹಾಗೇ ನಿಂತಿದ್ದರು, ಒಬ್ಬನ ಕೈ ಚಾಚಿತ್ತು, ಇನ್ನೊಬ್ಬನದು ಇಲ್ಲ. ನಾನು ಅತ್ತ ನೋಡುವುದನ್ನು ಬಿಟ್ಟು ಇದ್ದಲಿ ಕೆಂಪಾಗುವ ತನಕ ತಿರುಗಿಸಿದೆ.